ಭಾನುವಾರ ಬೆಳಿಗ್ಗೆ ಎಲ್ಲರ ಮನೆಯ ತೊಟ್ಟಿಯೂ ಖಾಲಿಯಾಗಲಿ

ಹೊಂಡದ ಪಕ್ಕದ ಮನೆ: ಎಲ್ಲರಿಗೂ ನಮಸ್ಕಾರ. ಈ ತಿಂಗಳು ನಮ್ಮ ಓಣಿಯಲ್ಲಿ ಮೂರನೇ ಮಗುವಿಗೆ ಮಲೇರಿಯಾ ಬಂದಿದೆ. ಮೂವರೂ ಐದು ವರ್ಷದೊಳಗಿನವರು. ನಿನ್ನೆ ಹಿತ್ತಲಿನ ತೊಟ್ಟಿಯಿಂದ ಒಂದು ಬಿಳಿ ಲೋಟದಲ್ಲಿ ನೀರು ಎತ್ತಿ ನೋಡಿದೆ. ಸಣ್ಣ ಸಣ್ಣ ಹುಳಗಳು ನೀರಿನ ಮೇಲೆ ಕಡ್ಡಿ ಹಾಗೆ ಅಡ್ಡ ಮಲಗಿದ್ದವು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿ ಹೀಗೇ ಇರುತ್ತದೆ. ಬೇರೆ ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತವೆ. ಇಷ್ಟು ದಿನ ನಾವೆಲ್ಲ ಚರಂಡಿಯನ್ನೇ ದೂರುತ್ತಿದ್ದೆವು, ಅಲ್ವಾ? ಆದರೆ ಈ ಅನಾಫಿಲಿಸ್ ಸೊಳ್ಳೆಗೆ ಜಾಸ್ತಿ ಇಷ್ಟ ನಿಂತ ತಿಳಿನೀರು.

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 14 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿದರೆ ಮರಿಗೆ ರೆಕ್ಕೆ ಬರುವುದಿಲ್ಲ. ಆದರೆ ನಾನೊಬ್ಬಳೇ ಮಾಡಿ ಏನು ಬಂತು? ಪಕ್ಕದ ಮನೆಯ ಸೊಳ್ಳೆ ನಮ್ಮ ಮನೆಗೂ ಬರುತ್ತದೆ. ಎಲ್ಲರೂ ಒಂದೇ ದಿನ ಮಾಡೋಣ. ಭಾನುವಾರ ಆಗಬಹುದಾ?

ಮೂಲೆಮನೆ: ನಾವು ಸಿದ್ಧ. ಆದರೆ ಆ ಹೊಂಡ ಖಾಲಿ ಮಾಡೋಕೆ ಆಗಲ್ಲವಲ್ಲ?

ಹೊಂಡದ ಪಕ್ಕದ ಮನೆ: ಅಂಚಿನ ಹುಲ್ಲು, ಪಾಚಿ ತೆಗೆಯೋಣ. ಮರಿ ಅಡಗುವುದು ಅಲ್ಲೇ. ಮರಿ ತಿನ್ನುವ ಮೀನು ಬಿಡುವುದನ್ನು ಮಾತ್ರ ಆರೋಗ್ಯ ಸಿಬ್ಬಂದಿಯನ್ನು ಕೇಳಿಯೇ ಮಾಡೋಣ. ಆ ಮೀನು ಕೆರೆ, ಹಳ್ಳಕ್ಕೆ ಸೇರಿದರೆ ಅಲ್ಲಿನ ಮೀನುಗಳಿಗೆ ತೊಂದರೆ.

ಎರಡನೇ ಓಣಿಯ ತಾಯಿ: ಹೋದ ವಾರ ಜ್ವರ ಬಂದಿದ್ದು ನನ್ನ ಮಗಳಿಗೇ. ಮನೆಯಲ್ಲಿ ಸೊಳ್ಳೆ ಪರದೆ ಇತ್ತು. ಸೆಖೆ ಅಂತ ಸುತ್ತಿ ಮೇಲೆ ಕಟ್ಟಿಟ್ಟಿದ್ದೆ. ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅಂತ ಆಮೇಲೆ ಗೊತ್ತಾಯಿತು. ದಯವಿಟ್ಟು ಪರದೆ ಇಳಿಬಿಟ್ಟು ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಔಷಧಿ ಹಚ್ಚಿದ ಪರದೆಯನ್ನು ಒಗೆದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಔಷಧಿಯ ಬಲ ಹೋಗುತ್ತದೆ.

ಆರೋಗ್ಯ ಕಾರ್ಯಕರ್ತೆ: ಅಕ್ಕ ಹೇಳಿದ್ದು ಸರಿ. ನನ್ನದೂ ಒಂದು ಮಾತು. ಮಗುವಿಗೆ ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ಸಾಕು, ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ಮಲೇರಿಯಾದಲ್ಲೇ ಹೆಚ್ಚು ಅಪಾಯದ ಬಗೆಯಾದ ಫಾಲ್ಸಿಪಾರಮ್ ಆದರೆ 24 ಗಂಟೆಯಲ್ಲೇ ಮಗುವಿನ ಜೀವಕ್ಕೆ ಕುತ್ತು ಬರಬಹುದು. ಚಿಕ್ಕ ಮಕ್ಕಳ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಜ್ವರ ಇಳಿಯಿತು ಅಂತ ಮಾತ್ರೆ ನಿಲ್ಲಿಸಲೂಬೇಡಿ. ಮಂಪರು, ಫಿಟ್ಸ್, ಹಾಲು ಕುಡಿಯದಿರುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಮೂಲೆಮನೆ: ರಾತ್ರಿ ಹೊತ್ತು ಯಾರ ಮಗುವಿಗೆ ಜ್ವರ ಬಂದರೂ ನಮ್ಮ ಬಾಗಿಲು ತಟ್ಟಿ. ಗಾಡಿ ನಾನು ತೆಗೆಯುತ್ತೇನೆ.

ಎರಡನೇ ಓಣಿಯ ತಾಯಿ: ಭಾನುವಾರ ಏಳಕ್ಕೆ ಬರುತ್ತೇನೆ. ಕೊನೆಮನೆ ಅಜ್ಜಿಗೆ ತೊಟ್ಟಿ ಉಜ್ಜಲು ಆಗಲ್ಲ, ಅಲ್ಲಿಂದಲೇ ಶುರು ಮಾಡೋಣ. ಬ್ರಷ್ ನನ್ನ ಹತ್ತಿರ ಎರಡಿವೆ.