2025ರ ಕ್ರಿಸ್ಮಸ್ ವಾರದ ಸಿನಿಮಾ: ಚಿಕ್ಕಮ್ಮ ಕೇಳಿದ್ದಕ್ಕೆ ಉತ್ತರ

ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಬಾಯಲ್ಲೇ ಹೇಳ್ಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಗ್ರೂಪಲ್ಲಿರೋರೆಲ್ಲ ಪೂರ್ತಿ ಕೇಳಿಸ್ಕೊಳ್ಳಿ. ನೀವು ಕೇಳಿದ್ದು ಇಷ್ಟು: 25ಕ್ಕೆ ಎಲ್ರೂ ಬೆಂಗಳೂರಲ್ಲಿ ಸೇರ್ತೀವಿ, ಅಜ್ಜಿ, ಮಕ್ಕಳು ಎಲ್ಲ ಸೇರಿ ಹನ್ನೆರಡು ಜನ, ಯಾವ ಸಿನಿಮಾ, ಯಾವತ್ತು, ಎಲ್ಲಿ, ಟಿಕೆಟ್ ಈಗ್ಲೇ ತೆಗೀಬೇಕಾ.

ಮೊದಲು ಉತ್ತರ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಎಲ್ರೂ ಒಟ್ಟಿಗೆ ನೋಡೋದು ‘45’ ಅನ್ನೋ ಕನ್ನಡ ಸಿನಿಮಾ, 27ನೇ ತಾರೀಕು ಶನಿವಾರ ಬೆಳಗಿನ ಆಟ. ‘ಮಾರ್ಕ್’ಗೆ ಹುಡುಗರು 25ಕ್ಕೇ ಹೋಗ್ಲಿ, ದೊಡ್ಡೋರಿಗೆ ಬೇಕಂದ್ರೆ ಭಾನುವಾರ ಸಂಜೆ. ‘ಅವತಾರ್’ ಮೂರನೇ ಭಾಗ ನಾಡಿದ್ದು 19ಕ್ಕೆ ಬರ್ತಾ ಇದೆ, ಅದಕ್ಕೆ ಅಜ್ಜಿ ಬೇಡ. ಮಕ್ಕಳಿಗೆ ಅಂತ 29, 30ನೇ ತಾರೀಕಿಗೆ ಬೇರೆ ಮಾಡೋಣ. ಟಿಕೆಟ್ ಈಗ್ಲೇ ಸಿಗಲ್ಲ, 22ರ ಸೋಮವಾರದಿಂದ ಫೋನ್ ನೋಡ್ತಾ ಇರ್ಬೇಕು.

ಈಗ ಕಾರಣ. ಡಿಸೆಂಬರ್ ಕೊನೆ ವಾರ ಈಗ ಕನ್ನಡಕ್ಕೆ ದೊಡ್ಡ ಸೀಸನ್ನು. 2018ರಲ್ಲಿ ‘ಕೆಜಿಎಫ್’ ಮೊದಲ ಭಾಗ ಬಂದಿದ್ದು ಡಿಸೆಂಬರ್ 21ಕ್ಕೆ, 2023ರಲ್ಲಿ ‘ಕಾಟೇರ’ 29ಕ್ಕೆ, ಹೋದ ವರ್ಷ ‘ಯುಐ’ 20ಕ್ಕೆ, ‘ಮ್ಯಾಕ್ಸ್’ 25ಕ್ಕೆ. ಈ ಸಲ ಎರಡು ದೊಡ್ಡ ಕನ್ನಡ ಸಿನಿಮಾ ಒಂದೇ ದಿನ, ಗುರುವಾರ 25ಕ್ಕೆ ಬರ್ತಾ ಇವೆ. ‘ಮಾರ್ಕ್’ ಅಂದ್ರೆ ‘ಮ್ಯಾಕ್ಸ್’ ತಂಡದ್ದೇ: ಸುದೀಪ್, ನಿರ್ದೇಶಕ ವಿಜಯ್ ಕಾರ್ತಿಕೇಯ, ಸಂಗೀತ ಅಜನೀಶ್ ಲೋಕನಾಥ್. ಜುಲೈಯಲ್ಲಿ ಶುರು ಮಾಡೋವಾಗ್ಲೇ ಕ್ರಿಸ್ಮಸ್‌ಗೆ ಬರ್ತೀವಿ ಅಂದಿದ್ರು, ಅದೇ ತಾರೀಕಿಗೆ ಬರ್ತಾ ಇದ್ದಾರೆ. ಕನ್ನಡದಲ್ಲಿ ಇಂಥ ಶಿಸ್ತು ಅಪರೂಪ, ಅದಕ್ಕೇ ನಂಗೆ ಆ ತಂಡದ ಮೇಲೆ ಗೌರವ ಜಾಸ್ತಿ.

ಆದ್ರೂ ಮನೆಮಂದಿಯೆಲ್ಲ ಸೇರಿ ನೋಡೋದಕ್ಕೆ ‘45’ ಅಂತ ಯಾಕಂದೆ ಅಂದ್ರೆ, ಅದರಲ್ಲಿ ಶಿವಣ್ಣ, ಉಪೇಂದ್ರ, ರಾಜ್ ಬಿ. ಶೆಟ್ಟಿ ಮೂರೂ ಜನ ಇದ್ದಾರೆ. ಮೂರು ತಲೆಮಾರಿನೋರಿಗೂ ಒಬ್ಬೊಬ್ಬರು ಸಿಕ್ಕಿದ ಹಾಗಾಯ್ತು. ಅರ್ಜುನ್ ಜನ್ಯ ಇಷ್ಟು ವರ್ಷ ಸಂಗೀತ ಮಾಡ್ಕೊಂಡು ಬಂದೋರು, ಇದು ಅವರ ಮೊದಲ ನಿರ್ದೇಶನ. ಇನ್ನೊಂದು, ಹೋದ ವರ್ಷ ಡಿಸೆಂಬರ್ 24ಕ್ಕೆ ಶಿವಣ್ಣ ಮಿಯಾಮಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸ್ಕೊಂಡ್ರು. ಅಜ್ಜಿ ಆವತ್ತು ದೇವರ ಮುಂದೆ ದೀಪ ಹಚ್ಚಿಟ್ಟಿದ್ದು ಎಲ್ರಿಗೂ ಗೊತ್ತು. ಸರಿಯಾಗಿ ಒಂದು ವರ್ಷಕ್ಕೆ ಅವರ ಸಿನಿಮಾ ಬರ್ತಾ ಇದೆ, ಅಜ್ಜಿಗೆ ಅದನ್ನ ತೋರಿಸ್ಲೇಬೇಕು.

ಹಾಗಾದ್ರೆ 25ಕ್ಕೇ ಯಾಕೆ ಬೇಡ? ಮೊದಲ ದಿನದ ಬೆಳಗಿನ ಆಟ ಅಭಿಮಾನಿಗಳದ್ದು. ಶಿಳ್ಳೆ, ಪೇಪರ್ ಚೂರು, ಪರದೆ ಮುಂದೆ ಕುಣಿತ. ಮೊದಲ ಅರ್ಧ ಗಂಟೆ ಒಂದು ಮಾತೂ ಕೇಳಿಸಲ್ಲ. ಹುಡುಗರಿಗೆ ಅದೇ ಹಬ್ಬ, ಅಜ್ಜಿಗೆ ಹಿಂಸೆ. ಇನ್ನೊಂದು ತಾಂತ್ರಿಕ ತೊಂದರೆನೂ ಇದೆ. ಈಗ ಸಿನಿಮಾ ಥಿಯೇಟರಿಗೆ ಬರೋದು ಬೀಗ ಹಾಕಿದ ಡಿಜಿಟಲ್ ಫೈಲ್ ಆಗಿ. ಅದನ್ನ ತೆರೆಯೋಕೆ ಕೆಡಿಎಂ ಅಂತ ಒಂದು ಡಿಜಿಟಲ್ ಕೀ ಬೇರೆಯಾಗಿ ಕಳಿಸ್ತಾರೆ. ಆ ಕೀ ಆ ಥಿಯೇಟರಲ್ಲಿ ಸಿನಿಮಾ ಓಡಿಸೋ ಆ ಒಂದು ಕಂಪ್ಯೂಟರಿಗೆ, ಅಂದ್ರೆ ಸರ್ವರಿಗೆ ಮಾತ್ರ, ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಮಾತ್ರ ಕೆಲಸ ಮಾಡುತ್ತೆ. ನಿರ್ಮಾಪಕರ ಕಡೆಯ ಲೆಕ್ಕ ಚುಕ್ತಾ ಆಗೋದು ತಡವಾದ್ರೆ ಕೀ ತಡ. ಸರ್ವರ್ ಬದಲಾಯಿಸಿರೋದು ಹೇಳದೇ ಇದ್ರೆ ಕೀ ಬಂದ್ರೂ ತೆರೆಯಲ್ಲ. ಇದರ ಏಟು ಬೀಳೋದು ಬೆಳಗ್ಗೆ 6, 7 ಗಂಟೆ ಆಟಕ್ಕೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಗಿರುತ್ತೆ. ಹುಡುಗರೇ, ನೀವು 25ಕ್ಕೆ ಹೋಗೋದಾದ್ರೆ 10 ಗಂಟೆ ನಂತರದ ಆಟ ಹಿಡೀರಿ.

ತಾರೀಕು ಕೂಡ ನಂಬೋ ಹಾಗಿಲ್ಲ. ‘45’ ಮೊದಲು ಆಗಸ್ಟ್ 15ಕ್ಕೆ ಅಂತ ಹೇಳಿದ್ರು. ತೆಲುಗಿನ ‘ಅಖಂಡ 2’ ಈ ತಿಂಗಳು 5ಕ್ಕೆ ಬರಬೇಕಿತ್ತು. ಬುಕಿಂಗ್ ಎಲ್ಲ ಆಗಿ, ಹಿಂದಿನ ಸಂಜೆ ನಿಂತುಹೋಯ್ತು, ಹಣದ ತಕರಾರು ಮದ್ರಾಸ್ ಹೈಕೋರ್ಟಲ್ಲಿತ್ತು. ಆಮೇಲೆ 12ಕ್ಕೆ ಬಂತು. ಆಟ ರದ್ದಾದ್ರೆ ದುಡ್ಡು ಕಟ್ಟಿದ ಖಾತೆಗೇ ವಾಪಸ್ ಬರುತ್ತೆ, ನೀವೇನೂ ಮಾಡ್ಬೇಕಿಲ್ಲ, ಬ್ಯಾಂಕಿನ ಕೆಲಸದ ದಿನ ಕೆಲವು ಹಿಡಿಯುತ್ತೆ ಅಷ್ಟೇ. ಆದ್ರೆ ಮೈಸೂರಿಂದ ಬರೋರ ರೈಲಿನ ದುಡ್ಡು ಯಾರೂ ಕೊಡಲ್ಲ. ದೊಡ್ಡಪ್ಪ, ನೀವು ಶನಿವಾರದ ಲೆಕ್ಕ ಹಾಕ್ಕೊಂಡೇ ರೈಲು ಬುಕ್ ಮಾಡಿ.

ಇನ್ನು ಪರದೆ ಯಾಕೆ ಸಿಗಲ್ಲ ಅನ್ನೋದು. ಈ ಸಲ ಸಿನಿಮಾಗಳ ಉದ್ದ ವಿಪರೀತ. ‘ಅವತಾರ್’ 3 ಗಂಟೆ 17 ನಿಮಿಷ, ಓಡ್ತಾ ಇರೋ ಹಿಂದಿ ‘ಧುರಂಧರ್’ 3 ಗಂಟೆ 34 ನಿಮಿಷ. ಅದಕ್ಕೆ ಇಂಟರ್ವಲ್ 15, ಜಾಹೀರಾತು 15, ಕಸ ಗುಡಿಸೋಕೆ 15 ನಿಮಿಷ ಸೇರಿಸಿ. ‘ಧುರಂಧರ್’ ಒಂದು ಆಟಕ್ಕೆ 4 ಗಂಟೆ 20 ನಿಮಿಷ ಬೇಕು. ಬೆಳಗ್ಗೆ 9ಕ್ಕೆ ಶುರು ಮಾಡಿದ್ರೆ 9, 1:20, 5:40, 10 ಗಂಟೆ, ನಾಲ್ಕೇ ಆಟ. ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ ಆಗಿದ್ರೆ ಅದೇ ಪರದೆಯಲ್ಲಿ ಐದು ಆಟ ಕೂರುತ್ತೆ. ಒಂದೊಂದು ಪರದೆಯಲ್ಲಿ ಒಂದೊಂದು ಆಟ ಹೋಯ್ತು ಅಂದ್ರೆ ಹತ್ತು ಪರದೆಯ ಮಲ್ಟಿಪ್ಲೆಕ್ಸಲ್ಲಿ ಹೊಸ ಸಿನಿಮಾಗಳಿಗೆ ಜಾಗ ಎಷ್ಟು ಕಮ್ಮಿ ಆಯ್ತು ನೋಡಿ. ಜನವರಿ 9ಕ್ಕೆ ತಮಿಳಿನ ‘ಜನ ನಾಯಗನ್’, ತೆಲುಗಿನ ‘ರಾಜಾ ಸಾಬ್’ ಎರಡೂ ಬರ್ತೀವಿ ಅಂದಿವೆ. ಅಂದ್ರೆ ನಮ್ಮ ಎರಡು ಸಿನಿಮಾಗೆ ಸಿಗೋದು ಹದಿನೈದೇ ದಿನ. ಅದರಲ್ಲೂ ಗುರುವಾರದಿಂದ ಭಾನುವಾರ, ಆ ನಾಲ್ಕು ದಿನ ಸೀಟು ಎಷ್ಟು ತುಂಬ್ತು ನೋಡಿ ಸೋಮವಾರದ ಆಟ ಹಂಚ್ತಾರೆ. ಜುಲೈಯಲ್ಲಿ ‘ಸು ಫ್ರಮ್ ಸೋ’ಗೆ ಬಾಯಿಮಾತಿಂದಲೇ ಆಟ ಹೆಚ್ತಾ ಹೋಯ್ತು, ಅದು ಹಬ್ಬದ ರಜೆಯ ಪೈಪೋಟಿ ಇಲ್ಲದ ವಾರ. ಈ ವಾರದಲ್ಲಿ ಹಾಗೆ ಕಾಯೋಕೆ ಯಾರೂ ಬಿಡಲ್ಲ. ‘ಒಂದು ವಾರ ಬಿಟ್ಟು ನೋಡಿದ್ರಾಯ್ತು’ ಅಂತ ಮಾವ ಬರೆದಿದ್ದಾರಲ್ಲ, ಮಾವ, ದಯವಿಟ್ಟು ಈ ಸಲ ಹಾಗನ್ಬೇಡಿ. ಕನ್ನಡ ಸಿನಿಮಾ ನೋಡ್ಬೇಕು ಅಂತಿದ್ರೆ ಮೊದಲ ನಾಲ್ಕು ದಿನದೊಳಗೆ ನೋಡಿ.

ಈಗ ಟಿಕೆಟ್ ತೆಗೆಯೋ ಕ್ರಮ. ಗುರುವಾರದ ಸಿನಿಮಾಗೆ ಬುಕಿಂಗ್ ಸಾಮಾನ್ಯವಾಗಿ ಎರಡು ಮೂರು ದಿನ ಮುಂಚೆ ತೆರೆಯುತ್ತೆ, ಎಲ್ಲ ಆಟ ಒಂದೇ ಸಲ ಬರಲ್ಲ. ಮೊದಲು ಕೆಲವು ಮಲ್ಟಿಪ್ಲೆಕ್ಸ್, ಆಮೇಲೆ ಸಿಂಗಲ್ ಸ್ಕ್ರೀನ್, ಬುಧವಾರ ರಾತ್ರಿವರೆಗೂ ಆಟ ಸೇರ್ತಾ ಇರುತ್ತೆ. ಶನಿವಾರದ ಆಟ ಇನ್ನೂ ಒಂದು ದಿನ ತಡವಾಗಿಯೂ ಬರಬಹುದು. ಸೋಮವಾರ ಕಾಣಿಸ್ಲಿಲ್ಲ ಅಂತ ಗಾಬರಿಯಾಗಿ ಯಾವುದೋ ಮೂಲೆಯ ಥಿಯೇಟರ್ ಹಿಡೀಬೇಡಿ. ಬುಕ್‌ಮೈಶೋದಲ್ಲಿ ಒಂದು ಸಲಕ್ಕೆ ಹತ್ತು ಸೀಟೇ ಮಿತಿ, ನಾವು ಹನ್ನೆರಡು. ಹತ್ತು-ಎರಡು ಅಂತ ಒಡೀಬೇಡಿ, ಆ ಇಬ್ಬರು ಎಲ್ಲೋ ಬೀಳ್ತಾರೆ. ಇಬ್ಬರು ಬೇರೆ ಬೇರೆ ಫೋನಲ್ಲಿ, ಫೋನ್ ಕಾಲಲ್ಲಿ ಮಾತಾಡ್ಕೊಂಡು, ಒಬ್ಬರು ಒಂದು ಸಾಲಲ್ಲಿ ಆರು, ಇನ್ನೊಬ್ಬರು ಅದರ ಹಿಂದಿನ ಸಾಲಲ್ಲಿ ಸರಿಯಾಗಿ ಅದೇ ನಂಬರಿನ ಆರು ಹಿಡೀರಿ. ಸೀಟು ಆರಿಸಿದ ಮೇಲೆ ದುಡ್ಡು ಕಟ್ಟೋಕೆ ಕೆಲವೇ ನಿಮಿಷ ಇರುತ್ತೆ, ಯುಪಿಐ ಆ್ಯಪ್ ಮೊದಲೇ ತೆರೆದಿಟ್ಕೊಳ್ಳಿ. ದುಡ್ಡು ಹೋಗಿ ಟಿಕೆಟ್ ಬರ್ಲಿಲ್ಲ ಅಂದ್ರೆ ತಕ್ಷಣ ಇನ್ನೊಂದು ಸಲ ಕಟ್ಬೇಡಿ. ಮೊದಲು ಆ್ಯಪಲ್ಲಿ ನಿಮ್ಮ ಬುಕಿಂಗ್ ಪಟ್ಟಿ ನೋಡಿ, ಎಷ್ಟೋ ಸಲ ಟಿಕೆಟ್ ಅಲ್ಲಿ ಬಂದು ಕೂತಿರುತ್ತೆ.

ರೇಟು. ಸರ್ಕಾರ ಸೆಪ್ಟೆಂಬರ್ 12ಕ್ಕೆ 200 ರೂಪಾಯಿ ಮಿತಿ ಹಾಕ್ತು, 23ಕ್ಕೆ ಹೈಕೋರ್ಟ್ ತಡೆ ಕೊಡ್ತು. ಹಾಗಾಗಿ 200ಕ್ಕೇ ಸಿಗುತ್ತೆ ಅಂತ ಅತ್ತೆ ಕಳಿಸಿದ ಆ ಫಾರ್ವರ್ಡ್ ಈಗ ಅನ್ವಯಿಸಲ್ಲ. ಜಿಎಸ್‌ಟಿ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟಿಗೆ 5 ಪರ್ಸೆಂಟ್, ಅದರ ಮೇಲೆ 18. ಇದರ ಜೊತೆ ಆನ್‌ಲೈನಲ್ಲಿ ಪ್ರತಿ ಟಿಕೆಟಿಗೂ ಸೇವಾ ಶುಲ್ಕ ಕೊನೆಯಲ್ಲಿ ಸೇರುತ್ತೆ, ಹನ್ನೆರಡು ಟಿಕೆಟಿಗೆ ಅದೇ ಒಂದು ದೊಡ್ಡ ಮೊತ್ತ. ಥಿಯೇಟರ್ ಹತ್ತಿರ ಮನೆ ಇರೋರು ಕೌಂಟರಿಗೆ ಹೋಗಿ ತಂದ್ರೆ ಅದು ಉಳಿಯುತ್ತೆ. ಮೂರು ವರ್ಷ ತುಂಬಿದ ಮಗುವಿಗೂ ಟಿಕೆಟ್ ಬೇಕು, ಮಡಿಲಲ್ಲಿ ಕೂರಿಸ್ಕೊಂಡ್ರೂ ಬಿಡಲ್ಲ. ಸೆನ್ಸಾರ್ ಸರ್ಟಿಫಿಕೇಟ್ ನೋಡಿ: ಈಗ ಯುಎ ಅನ್ನೋದು 7, 13, 16 ಅಂತ ಮೂರು ಭಾಗ. ಆ ವಯಸ್ಸಿಗಿಂತ ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗ್ಬೇಕಾ ಅಂತ ತಂದೆತಾಯಿ ತೀರ್ಮಾನ ಮಾಡ್ಬೇಕು, ಬಾಗಿಲಲ್ಲಿ ತಡೆಯಲ್ಲ. ‘ಎ’ ಬಂದ್ರೆ ಮಾತ್ರ 18ರ ಒಳಗಿನೋರನ್ನ ಬಿಡೋದೇ ಇಲ್ಲ, ಟಿಕೆಟ್ ದುಡ್ಡೂ ವಾಪಸ್ ಇಲ್ಲ.

ಥಿಯೇಟರ್ ಆರಿಸೋದ್ರಲ್ಲೇ ಅರ್ಧ ಸಿನಿಮಾ ಇದೆ ಅಂತ ನಾನು ಯಾವಾಗ್ಲೂ ಹೇಳೋದು. ‘45’ ಸಂಗೀತದವರ ಸಿನಿಮಾ, ಗ್ರಾಫಿಕ್ಸೂ ತುಂಬ ಇದೆ, ಸುತ್ತಲಿಂದಲೂ ತಲೆ ಮೇಲಿಂದಲೂ ಸದ್ದು ಬರೋ ಡಾಲ್ಬಿ ಅಟ್ಮಾಸ್ ಇರೋ ಕಡೆಯೇ ನೋಡ್ಬೇಕು. ಲಾಲ್‌ಬಾಗ್ ಹತ್ತಿರದ ಊರ್ವಶಿಯಲ್ಲಿ 4ಕೆ ಪ್ರೊಜೆಕ್ಷನ್ನೂ ಇದೆ, ಅಟ್ಮಾಸೂ ಇದೆ, ಪರದೆನೂ ದೊಡ್ಡದು. ಅಲ್ಲಿ ‘45’ ಬಂದ್ರೆ ಬೇರೆ ಯೋಚನೆನೇ ಬೇಡ. ಸೀಟು ಪರದೆಯಿಂದ ಹಿಂದಕ್ಕೆ ಮೂರನೇ ಎರಡು ಭಾಗದಲ್ಲಿ, ಮಧ್ಯದಲ್ಲಿ. ಕಟ್ಟಕಡೆ ಸಾಲು ದುಬಾರಿ ಅಂತ ಒಳ್ಳೇದು ಅಂದ್ಕೋಬೇಡಿ, ಗೋಡೆಯ ಸ್ಪೀಕರ್ ಕಿವಿ ಪಕ್ಕದಲ್ಲೇ ಬಡಿಯುತ್ತೆ, ಪರದೆ ಕಡೆಯ ಮಾತು ಮಂಕಾಗುತ್ತೆ. ಹಳೇ ಥಿಯೇಟರಲ್ಲಿ ಬಾಲ್ಕನಿ ಮೊದಲ ಸಾಲೂ ಬೇಡ, ಕಂಬಿ ಮಕ್ಕಳ ಕಣ್ಣಿಗೆ ಅಡ್ಡ ಬರುತ್ತೆ. ಅಜ್ಜಿಗೆ ದಾರಿ ಪಕ್ಕದ ಸೀಟು. ಬಾಲ್ಕನಿಗೆ ಲಿಫ್ಟ್ ಇದೆಯಾ ಅಂತ ಫೋನ್ ಮಾಡಿ ಕೇಳ್ಕೊಂಡೇ ಬುಕ್ ಮಾಡಿ, ಇಲ್ಲ ಅಂದ್ರೆ ಕೆಳಗಿನ ಕ್ಲಾಸಲ್ಲಿ ಹಿಂದಿನ ಸಾಲು. ಎಸಿ ಜೋರಿದ್ರೆ ಬೇಕಾಗುತ್ತೆ, ಅಜ್ಜಿಗೆ ಒಂದು ಶಾಲು ಇಟ್ಕೊಳ್ಳಿ.

‘ಅವತಾರ್’ ಬಗ್ಗೆ ಭಾವ ಕೇಳಿದ್ರು, ದೊಡ್ಡ ಪರದೆಯ ಐಮ್ಯಾಕ್ಸಾ, ಮಾಮೂಲಿ 3ಡಿನಾ ಅಂತ. ಐಮ್ಯಾಕ್ಸ್ ಸಿಕ್ಕಿದ್ರೆ ಅದೇ. ಕೋರಮಂಗಲದ ನೆಕ್ಸಸ್ ಮಾಲಲ್ಲೂ ಬನ್ನೇರುಘಟ್ಟ ರೋಡಿನ ವೇಗಾ ಸಿಟಿಯಲ್ಲೂ ಇದೆ. 3ಡಿ ಕನ್ನಡಕ ಹಾಕ್ಕೊಂಡ್ರೆ ಪರದೆಯ ಬೆಳಕಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಣಿಗೆ ಬರೋದೇ ಇಲ್ಲ. ಹಳೇ ದೀಪದ ಪ್ರೊಜೆಕ್ಟರ್ ಆದ್ರೆ ರಾತ್ರಿ ದೃಶ್ಯ ಎಲ್ಲ ಮಸಿ ಬಳಿದ ಹಾಗೆ ಕಾಣುತ್ತೆ. ಲೇಸರ್ ಪ್ರೊಜೆಕ್ಟರ್ ಇರೋ ಪರದೆ ಹುಡುಕಿ, ಇಲ್ಲದಿದ್ರೆ 2ಡಿನೇ ವಾಸಿ. 25ರ ನಂತರ ಮಾಮೂಲಿ ಪರದೆಗಳಲ್ಲಿ ಅದರ ಆಟ ಕಮ್ಮಿ ಆಗುತ್ತೆ, ಐಮ್ಯಾಕ್ಸಲ್ಲಿ ಉಳ್ಕೊಳ್ಳುತ್ತೆ, ಅದಕ್ಕೇ 29, 30 ಅಂದಿದ್ದು. ಸೋಮವಾರ, ಮಂಗಳವಾರ ರೇಟೂ ಸ್ವಲ್ಪ ಇಳಿದಿರುತ್ತೆ. ಮಕ್ಕಳಿಗೆ ಕನ್ನಡ ಡಬ್ಬಿಂಗಲ್ಲಿ ತೋರಿಸ್ಬೇಕಂದ್ರೆ ಆ್ಯಪಲ್ಲಿ ಭಾಷೆ ಆರಿಸೋ ಜಾಗದಲ್ಲಿ ನೋಡ್ಕೊಳ್ಳಿ, ಒತ್ತೋವಾಗ ಇಂಗ್ಲಿಷೋ ಹಿಂದಿಯೋ ತಪ್ಪಾಗಿ ಹೋಗೋದು ತುಂಬ ಸುಲಭ.

ಕನ್ನಡಕ ಕೈಗೆ ಬಂದ ತಕ್ಷಣ ಬಟ್ಟೆಯಲ್ಲಿ ಒರೆಸಿ. ಬ್ಯಾಟರಿ ಇರೋ ದಪ್ಪ ಕನ್ನಡಕ ಆದ್ರೆ ಸಿನಿಮಾ ಶುರುವಾದಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಎರಡು ಕಣ್ಣಿಗೂ ಚಿತ್ರ ಸ್ಪಷ್ಟವಾಗಿ, ಮಿಣುಕದೇ ಬರ್ಬೇಕು. ಒಂದು ಕಡೆ ಮಿಣುಕ್ತಾ ಇದ್ರೆ ಬ್ಯಾಟರಿ ಮುಗೀತಾ ಬಂದಿದೆ, ಆಗ್ಲೇ ಬದಲಾಯಿಸಿ, ಇಲ್ಲದಿದ್ರೆ ಇಂಟರ್ವಲ್ ಹೊತ್ತಿಗೆ ತಲೆನೋವು. ಅಜ್ಜಿ ಥರ ಒಂದು ಕಣ್ಣು ಮಂಜಾಗಿರೋರಿಗೆ 3ಡಿ ಸರಿಯಾಗಿ ಕಾಣಲ್ಲ, ಎರಡೂ ಕಣ್ಣು ಒಟ್ಟಿಗೆ ಚೆನ್ನಾಗಿ ಕೆಲಸ ಮಾಡಿದ್ರೇ ಆಳ ಗೊತ್ತಾಗೋದು. ಕೆಲವು ದೃಶ್ಯ ಟಿವಿ ಥರ ತೀರಾ ನುಣುಪಾಗಿ ಕಂಡ್ರೆ ಪ್ರೊಜೆಕ್ಟರ್ ಕೆಟ್ಟಿಲ್ಲ. ನಿರ್ದೇಶಕ ಕ್ಯಾಮರೂನ್ ಕೆಲವು ಭಾಗನ ಸೆಕೆಂಡಿಗೆ 24 ಚಿತ್ರದ ಬದಲು 48 ಚಿತ್ರ, ಅಂದ್ರೆ 48 ಫ್ರೇಮಲ್ಲಿ ಇಟ್ಟಿರ್ತಾರೆ.

ಕೊನೆಗೆ ಹುಡುಗರಿಗೆ ಒಂದು ಮಾತು, ಇದನ್ನ ಗಟ್ಟಿಯಾಗೇ ಹೇಳ್ತೀನಿ. ಥಿಯೇಟರಲ್ಲಿ ಫೋನ್ ಎತ್ತಿ ಎಂಟ್ರಿ ಸೀನ್ ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕ್ಬೇಡಿ. 2023ರಲ್ಲಿ ತಿದ್ದಿದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಅದಕ್ಕೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ದಂಡ ಕಮ್ಮಿ ಅಂದ್ರೂ 3 ಲಕ್ಷ. ಕಾನೂನು ಬಿಡಿ, ಅದೊಂದು ಕ್ಷಣಕ್ಕೆ ಅಂತ ಆ ತಂಡದೋರು ತಿಂಗಳುಗಟ್ಟಲೆ ದುಡಿದಿರ್ತಾರೆ, ಅದನ್ನ ಅಲುಗಾಡೋ ಹದಿನೈದು ಸೆಕೆಂಡಲ್ಲಿ ಹಾಳು ಮಾಡೋದು ನ್ಯಾಯ ಅಲ್ಲ. 25ಕ್ಕೆ ನೋಡ್ಕೊಂಡು ಬಂದೋರು ಶನಿವಾರದವರೆಗೆ ಈ ಗ್ರೂಪಲ್ಲಿ ಕಥೆನೂ ಹಾಕ್ಬೇಡಿ, ಚೆನ್ನಾಗಿದೆ, ಚೆನ್ನಾಗಿಲ್ಲ ಅಷ್ಟು ಸಾಕು.

ಚಿಕ್ಕಮ್ಮ, ನೀವು ಭಾನುವಾರ 21ರ ಸಂಜೆಯೊಳಗೆ ಶನಿವಾರಕ್ಕೆ ಬರೋರ ಹೆಸರು ಪಕ್ಕಾ ಮಾಡಿ ಇಲ್ಲಿ ಹಾಕಿ. ಬುಕ್ ಮಾಡೋಕೆ ಒಬ್ಬ ನಾನು, ಇನ್ನೊಬ್ಬರು ಯಾರು ಅಂತ ಈಗ್ಲೇ ಹೇಳ್ಬಿಡಿ.