ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡಿಸ್ಕ್: ನಿಯಂತ್ರಣ ತಳಿ ಸರಿ, ರೋಗಿಗಳ ಫಲಿತಾಂಶದ ಮೇಲೆ ಅನುಮಾನ

ಕೇಳಿದವರು, ಬಾಗಲಕೋಟೆ

ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಏಪ್ರಿಲ್ ತಿಂಗಳಿನಿಂದ ಮೂತ್ರದ ಮಾದರಿಗಳಲ್ಲಿ ಬೆಳೆಯುವ ಇ. ಕೋಲೈ ಬ್ಯಾಕ್ಟೀರಿಯಾ, ಡಿಸ್ಕ್ (ಔಷಧ ಹೀರಿಸಿದ ಕಾಗದದ ಬಿಲ್ಲೆ) ಪರೀಕ್ಷೆಯಲ್ಲಿ ಬಹುಪಾಲು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಪ್ರತಿಜೀವಕಕ್ಕೆ ನಿರೋಧಕವೆಂದು ಬರುತ್ತಿದೆ. ಆದರೆ ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಬಳಸುವ ನಿಯಂತ್ರಣ ತಳಿ, ಇ. ಕೋಲೈ ಎಟಿಸಿಸಿ 25922ರ ವಲಯ (ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ವ್ಯಾಸ) 18ರಿಂದ 24 ಮಿ.ಮೀ. ಮಿತಿಯೊಳಗೇ ಇದೆ. ಡಿಸ್ಕ್ ಸರಿಯಿದೆಯೆಂದು ನಂಬಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಿಜಯಪುರದಿಂದ

ಅಷ್ಟರಿಂದಲೇ ನಂಬಬೇಡಿ. ಆ ಡಿಸ್ಕಿನಲ್ಲಿ 20 ಮೈಕ್ರೊಗ್ರಾಂ ಅಮಾಕ್ಸಿಸಿಲಿನ್ ಮತ್ತು 10 ಮೈಕ್ರೊಗ್ರಾಂ ಕ್ಲಾವುಲನಿಕ್ ಆಮ್ಲ ಇರುತ್ತವೆ. ಬ್ಯಾಕ್ಟೀರಿಯಾದ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಅಮಾಕ್ಸಿಸಿಲಿನ್ ಅನ್ನು ಒಡೆಯದಂತೆ ಕ್ಲಾವುಲನಿಕ್ ಆಮ್ಲ ತಡೆಯುತ್ತದೆ. 25922 ತಳಿಯು ಅಮಾಕ್ಸಿಸಿಲಿನ್ ಅನ್ನು ಒಡೆಯುವಷ್ಟು ಬೀಟಾ-ಲ್ಯಾಕ್ಟಮೇಸ್ ಉತ್ಪಾದಿಸುವುದಿಲ್ಲವಾದ್ದರಿಂದ, ಕ್ಲಾವುಲನಿಕ್ ಆಮ್ಲ ಪೂರ್ತಿ ಕೆಟ್ಟುಹೋಗಿದ್ದರೂ ಅಮಾಕ್ಸಿಸಿಲಿನ್ ಒಂದೇ ಅದರ ವಲಯವನ್ನು ಮಿತಿಯೊಳಗೆ ಉಳಿಸಬಲ್ಲದು. ನಾನು ಈ ಮಾತನ್ನು ಒಂದು ಇಡೀ ಬೇಸಿಗೆ ಕಳೆದ ಮೇಲೆ ಅರಿತೆ. ಆ ಅವಧಿಯಲ್ಲಿ ಹೊರಹೋದ ವರದಿಗಳ ನೆನಪು ಇಂದಿಗೂ ನೋವು ಕೊಡುತ್ತದೆ.

ಈ ಡಿಸ್ಕಿಗೆ ಬೇಕಾದದ್ದು ಬೀಟಾ-ಲ್ಯಾಕ್ಟಮೇಸ್ ಉತ್ಪಾದಿಸುವ ನಿಯಂತ್ರಣ ತಳಿ, ಇ. ಕೋಲೈ ಎಟಿಸಿಸಿ 35218. ಅದರ ವಲಯ 17ರಿಂದ 22 ಮಿ.ಮೀ. ಇರಬೇಕು, ಅದಕ್ಕಿಂತ ಕುಗ್ಗಿದರೆ ಮೊದಲು ಡಿಸ್ಕನ್ನೇ ಸಂಶಯಿಸಿ.

ಕ್ಲಾವುಲನಿಕ್ ಆಮ್ಲದ ಶತ್ರು ತೇವಾಂಶ. ನಮ್ಮಲ್ಲಿ ಆಗುತ್ತಿದ್ದುದು ಇಷ್ಟೇ: ಹೊರಗೆ ನಲವತ್ತು ಡಿಗ್ರಿ ಸೆಕೆ ಇರುವಾಗ ಫ್ರಿಜ್ಜಿನಿಂದ ತೆಗೆದ ಡಿಸ್ಕುಗಳ ಕಾರ್ಟ್ರಿಜ್ಜನ್ನು ಅವಸರದಲ್ಲಿ ತಕ್ಷಣವೇ ತೆರೆಯುತ್ತಿದ್ದೆವು, ತಣ್ಣನೆಯ ಡಿಸ್ಕುಗಳ ಮೇಲೆ ಗಾಳಿಯ ತೇವ ಕಟ್ಟಿಕೊಳ್ಳುತ್ತಿತ್ತು, ವಿದ್ಯುತ್ ಕಡಿತವಾದ ದಿನಗಳಲ್ಲಿ ಫ್ರಿಜ್ ಕೂಡ ಬೆಚ್ಚಗಾಗುತ್ತಿತ್ತು. ಈಗ ದಾಸ್ತಾನನ್ನು ಮೈನಸ್ 20 ಡಿಗ್ರಿಯಲ್ಲಿಟ್ಟು, ವಾರಕ್ಕೆ ಸಾಲುವಷ್ಟನ್ನು ಮಾತ್ರ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡುತ್ತೇವೆ. ಡಬ್ಬಿ ಕೋಣೆಯ ಉಷ್ಣಾಂಶಕ್ಕೆ ಬರಲು ಒಂದು ಗಂಟೆಯಾದರೂ ಬಿಟ್ಟು, ಆಮೇಲಷ್ಟೇ ತೆರೆಯುತ್ತೇವೆ.

ಬೆಳಗಾವಿಯಿಂದ

ಮೇಲಿನ ಮಾತು ಸರಿ. ಆದರೆ 35218 ಕೂಡ ಮೋಸ ಮಾಡಬಲ್ಲದು. ಬೀಟಾ-ಲ್ಯಾಕ್ಟಮೇಸ್ ವಂಶವಾಹಿಯಿರುವ ಪ್ಲಾಸ್ಮಿಡ್ಡನ್ನು (ಡಿಎನ್‌ಎಯ ಸಣ್ಣ ಉಂಗುರ) ಈ ತಳಿ ಪದೇಪದೇ ಉಪಕೃಷಿ ಮಾಡಿದಾಗ, ಅಂದರೆ ಹೊಸ ತಟ್ಟೆಗೆ ದಾಟಿಸಿ ಬೆಳೆಸಿದಾಗ, ಕಳೆದುಕೊಳ್ಳಬಹುದು, ಆಗ ಕೆಟ್ಟ ಡಿಸ್ಕ್ ಕೂಡ ಒಳ್ಳೆಯದೆಂದೇ ಕಾಣುತ್ತದೆ. ಆದ್ದರಿಂದ ಅದೇ ತಟ್ಟೆಯಲ್ಲಿ ಒಂದು ಆಂಪಿಸಿಲಿನ್ ಡಿಸ್ಕ್ ಇಡಿ. ಬೀಟಾ-ಲ್ಯಾಕ್ಟಮೇಸ್ ಆಂಪಿಸಿಲಿನ್ ಅನ್ನು ಒಡೆಯುವುದರಿಂದ ಅದರ ಸುತ್ತ ವಲಯವೇ ಮೂಡಬಾರದು. ಮೂಡಿದರೆ ತಳಿಯನ್ನು ಬದಲಿಸಿ.

35218ರ ಮೇಲೆ ಈ ಎರಡೂ ಡಿಸ್ಕುಗಳ ಫಲಿತಾಂಶ ಸರಿಯಾಗಿ ಬಂದರೆ ನಿಮ್ಮ ರೋಗಿಗಳಲ್ಲಿ ಕಂಡ ನಿರೋಧಕತೆ ನಿಜವಿರಬಹುದು. ಅದು ಖಚಿತವಾಗುವವರೆಗೆ ಈ ಒಂದು ಔಷಧದ ಫಲಿತಾಂಶವನ್ನು ತಡೆಹಿಡಿದು, ವೈದ್ಯರಿಗೆ ಕಾರಣ ತಿಳಿಸಿ. ಬಾಯಿಂದ ಕೊಡಬಹುದಾದ ಔಷಧವನ್ನು ತಪ್ಪು ವರದಿಯ ಮೇಲೆ ಬಿಟ್ಟು, ರೋಗಿಗೆ ಮೆರೊಪೆನೆಮ್ ಚುಚ್ಚುಮದ್ದು ಆರಂಭಿಸಿದ್ದನ್ನು ನಾನು ಕಂಡಿದ್ದೇನೆ.