ಮಾಂಸ, ಕುರುಕಲು ತಿಂಡಿ ಕಡಿಮೆ ಮಾಡಿ ಎಂದು ಊರಿನವರಿಗೆ ಹೇಳುವುದು ಹೇಗೆ?

ಪ್ರಶ್ನೆ: ಕಾರಟಗಿ ತಾಲ್ಲೂಕಿನ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಊರು ಇದು. ಊಟವೂ ಅದರ ಜೊತೆಗೇ ಬದಲಾಗಿದೆ. ಸಂಜೆಯಾದರೆ ಬಸ್ ನಿಲ್ದಾಣದ ಸುತ್ತ ಕಬಾಬ್, ಎಗ್ ರೈಸ್, ಗೋಬಿ ಮಂಚೂರಿಯ ಬಂಡಿಗಳು ಸಾಲುಗಟ್ಟುತ್ತವೆ. ಮಕ್ಕಳ ಕೈಯಲ್ಲಿ ಬೆಳಗಿನಿಂದಲೇ ಕುರುಕಲು ಪೊಟ್ಟಣಗಳಿರುತ್ತವೆ. ನಲವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ನುಂಗುವ ಪಾಲಕರು ಹೆಚ್ಚುತ್ತಿದ್ದಾರೆ. ಮಾಂಸವನ್ನೂ ಇಂಥ ತಿಂಡಿಗಳನ್ನೂ ಕಡಿಮೆ ಮಾಡಬೇಕೆಂದು ಪಾಲಕರ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, "ನಮ್ಮ ಗಂಗಾಳದಾಗ ಏನೈತಿ ಅಂತ ನೀವ್ಯಾಕ ನೋಡ್ತೀರಿ ಸರ?" ಎಂದರು. ನಾನು ಹುಟ್ಟಿನಿಂದ ಸಸ್ಯಾಹಾರಿ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ, ಆರೋಗ್ಯಕ್ಕಾಗಿ ಆಡಿದ ಮಾತು ಜಾತಿಯ ಮಾತಾಗಿ ಕೇಳಿಸುತ್ತಿದೆ. ಯಾರಿಗೂ ನೋವಾಗದಂತೆ ಈ ವಿಷಯವನ್ನು ಹೇಗೆ ಮುಂದಿಡಬೇಕು?

ಉತ್ತರ 1: ಆಹಾರ ಸಲಹೆಗಾರ್ತಿ, ರಾಯಚೂರು

ಸರ್, ಮೊದಲು ಮಾಂಸವನ್ನೂ ಪೊಟ್ಟಣವನ್ನೂ ಬೇರೆ ಬೇರೆ ಮಾಡಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಆ ಹಿರಿಯರು ಕೇಳಿದ ಪ್ರಶ್ನೆಗೆ ನಿಮ್ಮ ಬಳಿ ಉತ್ತರವಿರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ನಮ್ಮ ಭಾಗದ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದ್ದು ಇದೇ ಅಪೌಷ್ಟಿಕತೆಯ ಕಾರಣಕ್ಕೆ. ವಾರಕ್ಕೊಮ್ಮೆ ಎರಡು ತುಂಡು ಮಾಂಸ ಕಾಣುವ ಕೂಲಿಕಾರರ ಮನೆಯ ಬಾಣಂತಿಗೆ "ಕಡಿಮೆ ಮಾಡಿ" ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಹೇಳಬೇಕಾದದ್ದು ದಿನವೂ ಢಾಬಾದಲ್ಲಿ ಕರಿದ ಮಾಂಸ ತಿನ್ನುವ ನಡುವಯಸ್ಸಿನ ಗಂಡಸರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ, ಮೇಕೆ, ದನ, ಹಂದಿಯಂಥ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಸಂಸ್ಕರಿಸದ ಕೋಳಿ, ಮೀನು ಆ ಪಟ್ಟಿಯಲ್ಲಿ ಇಲ್ಲ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಹೆದರಿಸಿದರೆ ಜನ ಎರಡನೆಯ ಸಲ ನಿಮ್ಮ ಮಾತು ಕೇಳುವುದಿಲ್ಲ. ಬಂಡಿಯ ಕಬಾಬಿನಲ್ಲಿ ಮಾಂಸಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಮತ್ತು ಬಣ್ಣ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ 2024ರ ಮಾರ್ಚ್‌ನಲ್ಲೇ ಹೇಳಿದೆ. ಗೋಬಿಯಂತೂ ಅಪ್ಪಟ ಸಸ್ಯಾಹಾರ ಎಂಬುದನ್ನು ಸಭೆಯಲ್ಲಿ ಹೇಳಿದರೆ ಜಾತಿಯ ಅನುಮಾನವೂ ಸ್ವಲ್ಪ ತಗ್ಗೀತು.

ಉತ್ತರ 2: ಖಾನಾವಳಿ ನಡೆಸುವವರು, ಸಿರುಗುಪ್ಪ

ಮೇಡಂ ಹೇಳಿದ್ದು ಸರಿಯಿದೆ, ಆದರೆ ಹೇಳುವುದರಿಂದಲೇ ಊಟ ಬದಲಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ನಮ್ಮಲ್ಲಿ ಬುಧವಾರ, ಭಾನುವಾರ ಮಟನ್ ಇರುತ್ತದೆ. ಅದರ ಜೊತೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿಯನ್ನು ಕೇಳದೆಯೇ ಬಡಿಸತೊಡಗಿದ ಮೇಲೆ ಎರಡನೆಯ ಪ್ಲೇಟ್ ಮಟನ್ ಕೇಳುವವರು ಕಡಿಮೆಯಾದರು. ಆರೋಗ್ಯದ ಊಟ ಎಂದು ಬೋರ್ಡ್ ಹಾಕಿದ್ದರೆ ಅರ್ಧ ಗಿರಾಕಿಗಳು ಎದುರಿನ ಹೋಟೆಲಿಗೆ ಹೋಗುತ್ತಿದ್ದರು.

ಇನ್ನೊಂದು ಮಾತು. "ಹಳೆಯ ಕಾಲದಂತೆ ರೊಟ್ಟಿ ತಿನ್ನಿ" ಎಂದು ಉಪದೇಶಿಸುವವರು, ಬೆಳಿಗ್ಗೆ ಸಸಿ ನಾಟಿಗೆ ಹೋಗಿ ಸಂಜೆ ಬರುವ ಹೆಂಗಸು ಒಲೆಯ ಮುಂದೆ ಕುಳಿತು ಇಪ್ಪತ್ತು ರೊಟ್ಟಿ ಬಡಿಯಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಪಡಿತರದಲ್ಲಿ ಬರುವುದೂ ಹೆಚ್ಚಾಗಿ ಅಕ್ಕಿಯೇ. ಅನ್ನಕ್ಕೇ ಕಾಳು, ಸೊಪ್ಪು ಕೂಡಿಸಲು ಹೇಳಿ; ಅದು ಅವರ ಕೈಲಾಗುವ ಕೆಲಸ. ಬೆಳಗಿನ ಒಗ್ಗಾಣಿ ಮಿರ್ಚಿಯ ತಂಟೆಗೆ ಮಾತ್ರ ಹೋಗಬೇಡಿ, ಬಳ್ಳಾರಿ ರಾಯಚೂರು ಸೀಮೆಯಲ್ಲಿ ಅದನ್ನು ಬಿಡಿಸಿದವರನ್ನು ನಾನು ಕಂಡಿಲ್ಲ.

ಉತ್ತರ 3: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಕೊಪ್ಪಳ

ಮಕ್ಕಳ ವಿಷಯದಲ್ಲಿ ಮನವೊಲಿಕೆಯೊಂದೇ ಸಾಲದು, ನಿಯಮವೂ ನಿಮ್ಮ ಕಡೆಗಿದೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಗೇಟಿನ ಮುಂದಿನ ಅಂಗಡಿಯವರೂ ನಮ್ಮೂರಿನವರೇ ಆದ್ದರಿಂದ ನೋಟಿಸಿನಿಂದ ಆರಂಭಿಸಬೇಡಿ. ಶೇಂಗಾ ಚಿಕ್ಕಿ, ಹುರಿಗಡಲೆ, ಪೇರಲ, ಬಾಳೆಹಣ್ಣು ಇಡಲು ಕೇಳಿ ನೋಡಿ. ಒಪ್ಪದಿದ್ದರೆ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ ಗ್ರಾಮ ಪಂಚಾಯಿತಿಗೆ ಕೊಡಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ಮುಂದಿನ ಸಭೆಯಲ್ಲಿ ಮಾಂಸದ ಮಾತು ತೆಗೆಯುವುದಿಲ್ಲ. ಎಣ್ಣೆ, ಬಣ್ಣ ಮತ್ತು ಗೇಟಿನ ಮುಂದಿನ ಅಂಗಡಿ, ಇಷ್ಟನ್ನೇ ಇಡುತ್ತೇನೆ. ಢಾಬಾದ ಗಂಡಸರು ಸಭೆಗೇ ಬರುವುದಿಲ್ಲ, ಅವರಿಗೆ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡುವ ಸಿಸ್ಟರ್ ಹೇಳುವುದೇ ವಾಸಿ ಎನಿಸುತ್ತದೆ. ಸಿರುಗುಪ್ಪದ ಅಣ್ಣಾವರೇ, ಮಡಕಿ ಕಾಳಿನ ಪಲ್ಯವನ್ನು ನೂರು ಮಕ್ಕಳಿಗೆ ಮಾಡುವುದಾದರೆ ಕಾಳು ಎಷ್ಟು ಬೇಕಾದೀತು?